ಬ್ಯಾಂಡ್ ಇದೆ, ಕಿಣ್ವ ಇಲ್ಲ: ಇ. ಕೋಲೈಯಲ್ಲಿ ಬ್ಯಾಕ್ಟೀರಿಯಾ ಕಿಣ್ವದ ಇಳುವರಿ ಏರಿಸುವ ಸಮಗ್ರ ಮಾರ್ಗದರ್ಶಿ

ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ. ಯಾವುದೋ ಬ್ಯಾಕ್ಟೀರಿಯಾದ ಅಮೈಲೇಸ್ (ಪಿಷ್ಟ ಒಡೆಯುವ ಕಿಣ್ವ) ಅಥವಾ ಲೈಪೇಸ್ (ಕೊಬ್ಬು ಒಡೆಯುವ ಕಿಣ್ವ) ಜೀನನ್ನು ಇ. ಕೋಲೈಗೆ ಹಾಕಿದ್ದಾಯಿತು, ಜೀನನ್ನು ಚಾಲೂ ಮಾಡುವ ರಾಸಾಯನಿಕ ಐಪಿಟಿಜಿ ಕೊಟ್ಟಿದ್ದಾಯಿತು, ಜೆಲ್‌ನಲ್ಲಿ ಕಣ್ಣಿಗೆ ರಾಚುವಂಥ ಬ್ಯಾಂಡೂ (ಆ ಪ್ರೋಟೀನಿನ ಪಟ್ಟಿ) ಬಂತು. ಚಟುವಟಿಕೆ ಅಳೆದರೆ ಮಾತ್ರ ಖಾಲಿ ಪ್ಲಾಸ್ಮಿಡ್ (ಜೀನನ್ನು ಹೊತ್ತೊಯ್ಯುವ ಡಿಎನ್‌ಎ ಉಂಗುರ) ಹೊತ್ತ ಕೋಶಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಆಗ ಬಹುತೇಕರು ಐಪಿಟಿಜಿ ಇನ್ನಷ್ಟು ಸುರಿಯುತ್ತಾರೆ, ಅದಕ್ಕೂ ಬಗ್ಗದಿದ್ದರೆ ತಳಿ ಬದಲಿಸುತ್ತಾರೆ, ಆಮೇಲೆ ಪ್ರೋಟೀನಿಗೆ ಜೋಡಿಸಿದ ಟ್ಯಾಗ್ (ಹೆಚ್ಚುವರಿ ತುಂಡು) ಬದಲಿಸುತ್ತಾರೆ. ಕೊನೆಗೆ ಯಾವುದರಿಂದ ಏನಾಯಿತು ಎಂದು ಅವರಿಗೇ ತಿಳಿಯದ ಸ್ಥಿತಿ ಬರುತ್ತದೆ.

ಜೀನ್‌ನಿಂದ ಚಟುವಟಿಕೆಯ ತನಕ ನಾಲ್ಕು ಕಡೆ ಕೆಲಸ ಕೆಡಬಹುದು: ಪ್ರೋಟೀನೇ ತಯಾರಾಗದಿರಬಹುದು; ತಯಾರಾದದ್ದು ಕರಗದೆ ಗಡ್ಡೆಕಟ್ಟಬಹುದು; ಕರಗಿದರೂ ಕೆಲಸ ಮಾಡದಿರಬಹುದು; ಕೆಲಸ ಮಾಡುತ್ತಿದ್ದರೂ ಕೋಶಗಳೇ ಸಾಕಷ್ಟು ಬೆಳೆಯದಿರಬಹುದು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ವಿಷವಾಗುವುದೂ ಉಂಟು. ಎಲ್ಲಿ ಕೆಟ್ಟಿದೆ ಎಂದು ಮೊದಲು ಪತ್ತೆಮಾಡಿ, ಆಮೇಲೆ ಕೈಹಾಕಿ. ಮುಂದಿನ ಹಂತಗಳೆಲ್ಲ ಆ ಕ್ರಮದಲ್ಲೇ ಇವೆ. ಹಾರಿಸಿಕೊಂಡು ಓದಬೇಡಿ, ಅದರಲ್ಲೂ ಮೊದಲ ಹಂತವನ್ನು.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ತಾಪಮಾನವನ್ನು 16 ಡಿಗ್ರಿ ಸೆಲ್ಸಿಯಸ್ ತನಕ ಇಳಿಸಬಲ್ಲ ಶೇಕರ್, ಸ್ಪೆಕ್ಟ್ರೋಫೋಟೋಮೀಟರ್, 4 ಡಿಗ್ರಿಯಲ್ಲಿ ತಿರುಗುವ ಸೆಂಟ್ರಿಫ್ಯೂಜ್, ಸೋನಿಕೇಟರ್, ಎಸ್‌ಡಿಎಸ್-ಪೇಜ್ ಜೆಲ್‌ನ ಸರಂಜಾಮು, ಬ್ರಾಡ್‌ಫೋರ್ಡ್ ರೀಏಜೆಂಟ್ (ಪ್ರೋಟೀನ್ ಪ್ರಮಾಣ ಅಳೆಯಲು). ಇವುಗಳ ಜೊತೆಗೆ ಜನ ಮರೆಯುವ ಎರಡು ವಸ್ತುಗಳಿವೆ. ಒಂದು, ಅದೇ ತಳಿಯಲ್ಲಿ ಖಾಲಿ ಪ್ಲಾಸ್ಮಿಡ್ ಇರುವ ಕಲ್ಚರ್. ಇನ್ನೊಂದು, ಅದೇ ಬಗೆಯ ಕಿಣ್ವದ ಶುದ್ಧ ಮಾದರಿ. ಅಂಗಡಿಯಲ್ಲಿ ಸಿಗುವ ಸಾಧಾರಣ ದರ್ಜೆಯದಾದರೂ ಸಾಕು. ಮೊದಲನೆಯದಿಲ್ಲದೆ ನಿಮ್ಮ ಚಟುವಟಿಕೆ ನಿಜವೋ ಸುಳ್ಳೋ ಗೊತ್ತಾಗದು. ಎರಡನೆಯದಿಲ್ಲದೆ ನಿಮ್ಮ ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಗೊತ್ತಾಗದು.

## ಹಂತ 1: ಮೊದಲು ಅಳತೆ ಗಟ್ಟಿಯಾಗಲಿ

ಇಳುವರಿ ಎಂದರೆ ಬ್ಯಾಂಡಿನ ದಪ್ಪವಲ್ಲ. ಒಂದು ಲೀಟರ್ ಕಲ್ಚರ್‌ನಿಂದ ಎಷ್ಟು ಯುನಿಟ್ ಚಟುವಟಿಕೆ ಸಿಕ್ಕಿತು ಎಂಬುದೇ ಇಳುವರಿ. ನಿಮಿಷಕ್ಕೆ 1 ಮೈಕ್ರೋಮೋಲ್ ಉತ್ಪನ್ನ ಕೊಡುವಷ್ಟು ಕಿಣ್ವಕ್ಕೆ 1 ಯುನಿಟ್ ಎನ್ನುತ್ತೇವೆ. ಪ್ರತಿ ಪ್ರಯೋಗದಲ್ಲೂ ಮೂರು ಸಂಖ್ಯೆ ಬರೆದಿಡಿ: ಲೀಟರಿಗೆ ಎಷ್ಟು ಯುನಿಟ್, ಒಂದು ಓಡಿಗೆ (ಕಲ್ಚರ್ ಎಷ್ಟು ಮಬ್ಬಾಗಿದೆ, ಅಂದರೆ ಕೋಶ ಎಷ್ಟಿದೆ ಎಂಬ ಅಳತೆ) ಎಷ್ಟು ಯುನಿಟ್, ಒಂದು ಮಿಲಿಗ್ರಾಂ ಕರಗಿದ ಪ್ರೋಟೀನಿಗೆ ಎಷ್ಟು ಯುನಿಟ್. ಮೊದಲನೆಯದು ಏರಿ ಎರಡನೆಯದು ಇದ್ದಲ್ಲೇ ಇದ್ದರೆ ನೀವು ಹೆಚ್ಚು ಕೋಶ ಬೆಳೆಸಿದ್ದೀರಿ, ಅಷ್ಟೆ. ಎರಡನೆಯದೂ ಏರಿದರೆ ಕೋಶದೊಳಗೆ ಏನೋ ಸುಧಾರಿಸಿದೆ.

ಪಿ-ನೈಟ್ರೋಫಿನೈಲ್ ಎಸ್ಟರ್ ಬಳಸಿ ಲೈಪೇಸ್ ಅಳೆಯುವವರು ಬೀಳುವ ಹಳ್ಳ ಒಂದಿದೆ. 405 ನ್ಯಾನೋಮೀಟರ್‌ನಲ್ಲಿ ಕಾಣುವ ಹಳದಿ ಬಣ್ಣ ಬರುವುದು ಪಿ-ನೈಟ್ರೋಫೀನಾಲ್ ಅಯಾನಾದಾಗ ಮಾತ್ರ, ಮತ್ತು ಅದರ ಪಿಕೆಎ (ಅರ್ಧದಷ್ಟು ಅಯಾನಾಗುವ ಪಿಎಚ್) ಸುಮಾರು 7.1. ಪಿಎಚ್ 7ರಲ್ಲಿ ಅರ್ಧಕ್ಕರ್ಧ ಉತ್ಪನ್ನ ಬಣ್ಣವಿಲ್ಲದೆ ಕೂತಿರುತ್ತದೆ. ಪಿಎಚ್ 8ರಲ್ಲಿ ಅಳೆದ ಗೆಳೆಯರ ಲೆಕ್ಕದೊಂದಿಗೆ ನಿಮ್ಮದನ್ನು ಹೋಲಿಸಿದರೆ ನಿಮ್ಮ ಕಿಣ್ವ ಸೋತಂತೆ ಕಾಣುತ್ತದೆ, ಅದು ಸೋತಿಲ್ಲದಿದ್ದರೂ. ಸ್ಟ್ಯಾಂಡರ್ಡ್ ಕರ್ವನ್ನು ಪರೀಕ್ಷೆಯ ಬಫರ್‌ನಲ್ಲೇ, ಅದೇ ಪಿಎಚ್‌ನಲ್ಲೇ ಮಾಡಿ.

ಡಿಎನ್‌ಎಸ್ ವಿಧಾನದಲ್ಲಿ (ಸಕ್ಕರೆ ಸೇರಿದಾಗ ಬಣ್ಣ ಬರುವ ಪರೀಕ್ಷೆ) ಅಮೈಲೇಸ್ ಅಳೆಯುವವರಿಗೆ ಬೇರೆಯೇ ತೊಂದರೆ. ಡಿಎನ್‌ಎಸ್‌ಗೆ ಅಪಕರ್ಷಕ ಸಕ್ಕರೆಗಳೆಲ್ಲ ಒಂದೇ. ಮೀಡಿಯಾದಲ್ಲಿ ಉಳಿದ ಗ್ಲೂಕೋಸ್ ಅಥವಾ ಲ್ಯಾಕ್ಟೋಸ್ ಕೂಡ 540 ನ್ಯಾನೋಮೀಟರ್‌ನಲ್ಲಿ ಓದು ಕೊಡುತ್ತದೆ. ಕೋಶಗಳನ್ನು ಬಫರ್‌ನಲ್ಲಿ ತೊಳೆದು, ಆಮೇಲೆ ಒಡೆಯಿರಿ. ಶೂನ್ಯ ನಿಮಿಷದ ಮಾದರಿಯನ್ನು ಪ್ರತಿ ಸಲವೂ ಇಡಿ.

ಎಚ್ಚರಿಕೆಯ ಗುರುತು: ಕಿಣ್ವವನ್ನು ಎರಡು ಪಟ್ಟು ತೆಳು ಮಾಡಿದಾಗ ಓದು ಅರ್ಧವಾಗಬೇಕು. ಆಗದಿದ್ದರೆ ಪರೀಕ್ಷೆ ಅದರ ಮಿತಿ ದಾಟಿದೆ. ಅದು ಸರಿಹೋಗುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 2: ಕೋಶ ಮುಟ್ಟುವ ಮುನ್ನ ಜೀನನ್ನು ಓದಿ

ಬ್ಯಾಕ್ಟೀರಿಯಾದ ಜೀನನ್ನು ಬ್ಯಾಕ್ಟೀರಿಯಾಕ್ಕೇ ಹಾಕುತ್ತಿದ್ದೇವೆ, ಇನ್ನೇನು ತೊಂದರೆ ಎಂಬ ಭಾವನೆ ಇರುತ್ತದೆ. ಕೆಳಗಿನ ವಿಷಯಗಳನ್ನು ಕಂಪ್ಯೂಟರ್ ಮುಂದೆ ಕೂತು ಒಂದೊಂದಾಗಿ ನೋಡಿ.

ಮೊದಲನೆಯದು, ಆರಂಭ ಕೋಡಾನ್ (ಕೋಡಾನ್ ಎಂದರೆ ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರು ಡಿಎನ್‌ಎ ಅಕ್ಷರ). ಬ್ಯಾಸಿಲಸ್, ಸ್ಟ್ರೆಪ್ಟೋಮೈಸಿಸ್ ಮುಂತಾದವುಗಳಲ್ಲಿ ಎಷ್ಟೋ ಜೀನ್‌ಗಳು ಜಿಟಿಜಿ ಅಥವಾ ಟಿಟಿಜಿಯಿಂದ ಶುರುವಾಗುತ್ತವೆ. ಅದನ್ನು ಹಾಗೇ ಬಿಟ್ಟರೆ ಇಳುವರಿ ಕುಸಿಯುತ್ತದೆ, ಎಟಿಜಿ ಮಾಡಿ. ಡೇಟಾಬೇಸ್‌ನಲ್ಲಿ ಗುರುತಿಸಿದ ಆರಂಭವೇ ತಪ್ಪಿರುವುದೂ ಅಪರೂಪವಲ್ಲ. ಹತ್ತಿರದ ಸಂಬಂಧಿ ಪ್ರೋಟೀನ್‌ಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ನಿಮ್ಮದಕ್ಕೆ ಮಾತ್ರ ಮುಂದೆ ಇಪ್ಪತ್ತು-ಮೂವತ್ತು ಅಮೈನೋ ಆಮ್ಲದ ಬಾಲ ಇದ್ದರೆ ಅನುಮಾನಿಸಿ. ಕೊನೆಗೆ ಟಿಎಎ ಇರಲಿ. ಇ. ಕೋಲೈ ಅದನ್ನೇ ಚೆನ್ನಾಗಿ ಗುರುತಿಸುತ್ತದೆ.

ಎರಡನೆಯದು, ಸಿಗ್ನಲ್ ಪೆಪ್ಟೈಡ್, ಅಂದರೆ ಪ್ರೋಟೀನನ್ನು ಹೊರಕ್ಕೆ ಕಳಿಸಲು ಅದರ ಮುಂದಿರುವ ತುಂಡು. ಕೈಗಾರಿಕೆಗೆ ಬೇಕಾದ ಕಿಣ್ವಗಳಲ್ಲಿ ಹೆಚ್ಚಿನವು ಮೂಲ ಬ್ಯಾಕ್ಟೀರಿಯಾದಲ್ಲಿ ಹೊರಕ್ಕೆ ಸ್ರವಿಸುವಂಥವು. ಸಿಗ್ನಲ್‌ಪಿ ತಂತ್ರಾಂಶದಲ್ಲಿ ಪ್ರೋಟೀನ್ ಸರಣಿ ಹಾಕಿ ಕತ್ತರಿಸುವ ಜಾಗ ತಿಳಿದುಕೊಳ್ಳಿ. ಕೋಶದೊಳಗೇ ಉಳಿಸುವುದಾದರೆ ಆ ಭಾಗವನ್ನು ತೆಗೆದುಬಿಡಿ. ಬಿಟ್ಟರೆ ಪ್ರೋಟೀನ್ ಪೊರೆಗೆ ಅಂಟಿಕೊಂಡು ಸ್ರವಿಸುವ ದಾರಿಯನ್ನೇ ಕಟ್ಟಿಹಾಕಿ ಕೋಶವನ್ನು ಸಾಯಿಸಬಹುದು. ಪೆರಿಪ್ಲಾಸಂಗೆ (ಕೋಶದ ಎರಡು ಪೊರೆಗಳ ನಡುವಿನ ಜಾಗ) ಕಳಿಸಬೇಕಿದ್ದರೆ ಪೆಲ್‌ಬಿ ಅಥವಾ ಓಎಂಪಿಎ ಸಿಗ್ನಲ್ ಜೋಡಿಸಿ.

ಮೂರನೆಯದು, ಜೊತೆಗಾರ ಬೇಕೇ ಎಂಬ ಪ್ರಶ್ನೆ. ಇಲ್ಲಿ ಎಡವಿದವರು ತಿಂಗಳುಗಟ್ಟಲೆ ಎಡವುತ್ತಾರೆ. ಸಬ್ಟಿಲಿಸಿನ್ ಎಂಬ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಸರಿಯಾಗಿ ಮಡಚಿಕೊಳ್ಳಲು ಅದರ ಮುಂದಿರುವ ಪ್ರೊ-ಪೆಪ್ಟೈಡ್ ಬೇಕೇ ಬೇಕು. ಪಕ್ವವಾದ ಭಾಗವನ್ನಷ್ಟೇ ಕ್ಲೋನ್ ಮಾಡಿದರೆ ಯಾವ ತಾಪಮಾನವೂ ಅದನ್ನು ಉಳಿಸದು. ಬರ್ಖೋಲ್ಡೇರಿಯಾ ಮತ್ತು ಸ್ಯೂಡೋಮೊನಾಸ್‌ನ ಹಲವು ಲೈಪೇಸ್‌ಗಳಿಗೆ ಪಕ್ಕದಲ್ಲೇ ಕೂತಿರುವ ಫೋಲ್ಡೇಸ್ (ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್) ಜೀನೂ ಜೊತೆಗೆ ಬರಬೇಕು. ಜೀನೋಮ್‌ನಲ್ಲಿ ನಿಮ್ಮ ಜೀನಿನ ಅಕ್ಕಪಕ್ಕ ಏನಿದೆ ಎಂದು ನೋಡುವುದಕ್ಕೆ ಐದು ನಿಮಿಷ ಸಾಕು.

ನಾಲ್ಕನೆಯದು, ಸಿಸ್ಟೀನ್‌ಗಳು, ಲೋಹಗಳು ಮತ್ತು ಸಹಕಿಣ್ವಗಳು. ಡೈಸಲ್ಫೈಡ್ ಬಂಧ (ಎರಡು ಸಿಸ್ಟೀನ್‌ಗಳ ನಡುವಿನ ಕೊಂಡಿ) ಬೇಕಾದ ಕಿಣ್ವಕ್ಕೆ ಸಾಮಾನ್ಯ ಇ. ಕೋಲೈಯ ಸೈಟೋಪ್ಲಾಸಂ ಒಗ್ಗದು. ಕ್ಯಾಲ್ಸಿಯಂ, ಸತು, ಹೀಮ್, ಪಿರಿಡಾಕ್ಸಲ್ ಫಾಸ್ಫೇಟ್ ಇವುಗಳಲ್ಲಿ ಯಾವುದು ಬೇಕು ಎಂದು ಈಗಲೇ ಬರೆದಿಟ್ಟುಕೊಳ್ಳಿ.

ಕೋಡಾನ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಡೀ ಜೀನನ್ನು "ಆಪ್ಟಿಮೈಸ್" ಮಾಡಿಸುವುದಕ್ಕೆ ಜನ ಕೊಡುವಷ್ಟು ಬೆಲೆ ಅದಕ್ಕಿಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಸಿರಾಗಿ ಹೊಳೆಯುವ ಒಂದೇ ಜಿಎಫ್‌ಪಿ ಪ್ರೋಟೀನನ್ನು ಕೊಡುವ 154 ಬಗೆಯ ಜೀನ್‌ಗಳನ್ನು ಇ. ಕೋಲೈಯಲ್ಲಿ ಹೋಲಿಸಿದ್ದರು. ಹೊಳಪಿನಲ್ಲಿ 250 ಪಟ್ಟು ವ್ಯತ್ಯಾಸ ಬಂತು. ಅದನ್ನು ಹೆಚ್ಚಾಗಿ ವಿವರಿಸಿದ್ದು ಕೋಡಾನ್‌ಗಳ ಸಾಮಾನ್ಯತೆಯಲ್ಲ, ಆರಂಭದ ಹತ್ತಿರ ಎಂಆರ್‌ಎನ್‌ಎ ಎಷ್ಟು ಬಿಗಿಯಾಗಿ ಮಡಚಿಕೊಂಡಿದೆ ಎಂಬುದು. ಹಾಗಾಗಿ ಮೊದಲ ಹತ್ತು-ಹದಿನೈದು ಕೋಡಾನ್‌ಗಳನ್ನು ಎ ಮತ್ತು ಟಿ ಹೆಚ್ಚಿರುವಂತೆ ಬದಲಿಸಿ. ಅಮೈನೋ ಆಮ್ಲ ಬದಲಾಗಬಾರದು. ಷೈನ್-ಡಾಲ್ಗಾರ್ನೊ ಸರಣಿಗೂ (ರೈಬೋಸೋಮ್ ಬಂದು ಕೂರುವ ಜಾಗ) ಎಟಿಜಿಗೂ ನಡುವೆ ಸುಮಾರು 5ರಿಂದ 9 ಬೇಸ್‌ಗಳ ಅಂತರ ಇರಲಿ. ಎಜಿಎ, ಎಜಿಜಿಯಂಥ ಅಪರೂಪದ ಕೋಡಾನ್‌ಗಳು ಸಾಲಾಗಿ ಬಂದಿದ್ದರೆ ಅಲ್ಲಿ ಮಾತ್ರ ಬದಲಿಸಿ.

## ಹಂತ 3: ತಳಿ ಮತ್ತು ಪ್ಲಾಸ್ಮಿಡ್ ಆರಿಸುವುದು

ಬಿಎಲ್21-ಡಿಇ3ಯಿಂದ ಶುರುಮಾಡಿ. ಲಾನ್ ಮತ್ತು ಓಎಂಪಿಟಿ ಪ್ರೋಟಿಯೇಸ್‌ಗಳು ಇದರಲ್ಲಿಲ್ಲ, ಪಿಇಟಿ ಪ್ಲಾಸ್ಮಿಡ್ಡಿನ ಜೀನನ್ನು ಓದುವ ಟಿ7 ಪಾಲಿಮರೇಸ್ ಇದೆ. ಕ್ಲೋನಿಂಗ್‌ಗೆ ಬಳಸುವ ಡಿಎಚ್5-ಆಲ್ಫಾದಲ್ಲಿ ಟಿ7 ಪಾಲಿಮರೇಸ್ ಇಲ್ಲ. ಅದರಲ್ಲಿ ಪಿಇಟಿ ಪ್ಲಾಸ್ಮಿಡ್ ಇಟ್ಟು ಬ್ಯಾಂಡ್ ಬರಲಿಲ್ಲ ಎನ್ನುವವರು ಇಂದಿಗೂ ಇದ್ದಾರೆ.

ಬೇರೆ ತಳಿ ಬೇಕಾಗುವುದು ಕಾರಣ ಇದ್ದಾಗ ಮಾತ್ರ. ಅಪರೂಪದ ಕೋಡಾನ್ ತುಂಬಾ ಇದ್ದರೆ ರೊಸೆಟ್ಟಾ, ಡೈಸಲ್ಫೈಡ್ ಬೇಕಿದ್ದರೆ ಷಫಲ್, ಪ್ರೋಟೀನ್ ಕೋಶಕ್ಕೆ ವಿಷವಾಗಿದ್ದರೆ ಸಿ41 ಅಥವಾ ಸಿ43, ಸೋರಿಕೆ (ಐಪಿಟಿಜಿ ಇಲ್ಲದೆಯೂ ಪ್ರೋಟೀನ್ ತಯಾರಾಗುವುದು) ತಡೆಯಲು ಪಿಲೈಸ್‌ಎಸ್ ಇರುವ ತಳಿ. ಐಪಿಟಿಜಿ ಕಡಿಮೆ ಮಾಡಿದಷ್ಟೂ ಪ್ರತಿ ಕೋಶದಲ್ಲೂ ಪ್ರೋಟೀನ್ ಕಡಿಮೆಯಾಗಬೇಕು ಎಂದಿದ್ದರೆ ಟ್ಯೂನರ್ ಬಳಸಿ. ಅದರಲ್ಲಿ ಲ್ಯಾಕ್ಟೋಸ್ ಪರ್ಮಿಯೇಸ್ (ಲ್ಯಾಕ್ಟೋಸನ್ನು ಒಳಗೆ ತರುವ ಬಾಗಿಲು) ಇಲ್ಲದ್ದರಿಂದ ಐಪಿಟಿಜಿ ಎಲ್ಲ ಕೋಶಗಳಿಗೂ ಒಂದೇ ಸಮನೆ ಸೇರುತ್ತದೆ. ಸಾಮಾನ್ಯ ತಳಿಯಲ್ಲಿ ಐಪಿಟಿಜಿ ಇಳಿಸಿದರೆ ಕೆಲವು ಕೋಶ ಪೂರ್ತಿ ಹೊತ್ತಿಕೊಂಡು ಉಳಿದವು ಸುಮ್ಮನಿರುವ ಸಂಭವ ಇದೆ.

ಆಂಟಿಬಯಾಟಿಕ್‌ನಲ್ಲಿ ಸಾಧ್ಯವಾದರೆ ಕ್ಯಾನಮೈಸಿನ್ ಆರಿಸಿ, ಮಿಲಿಲೀಟರಿಗೆ 50 ಮೈಕ್ರೋಗ್ರಾಂ. ಆಂಪಿಸಿಲಿನ್‌ನ ಕಷ್ಟ ಏನೆಂದರೆ, ನಿರೋಧಕ ಕೋಶಗಳು ಬಿಡುವ ಬೀಟಾ-ಲ್ಯಾಕ್ಟಮೇಸ್ ಕೆಲವೇ ಗಂಟೆಗಳಲ್ಲಿ ಮೀಡಿಯಾದ ಔಷಧವನ್ನೆಲ್ಲ ತಿಂದುಹಾಕುತ್ತದೆ. ಆಮೇಲೆ ಪ್ಲಾಸ್ಮಿಡ್ ಕಳೆದುಕೊಂಡ ಕೋಶಗಳದ್ದೇ ರಾಜ್ಯಭಾರ. ಆಂಪಿಸಿಲಿನ್ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ರಾತ್ರಿ ಬೆಳೆದ ಸ್ಟಾರ್ಟರ್ ಕಲ್ಚರನ್ನು ತಿರುಗಿಸಿ, ಹಳೆಯ ಮೀಡಿಯಾ ಚೆಲ್ಲಿ, ಹೊಸದರಲ್ಲಿ ಕಲಸಿ ಹಾಕಿ. ಅಥವಾ ಕಾರ್ಬೆನಿಸಿಲಿನ್ ಬಳಸಿ.

ಸಾಮಾನ್ಯ ತಪ್ಪು: ಫ್ರಿಜ್‌ನಲ್ಲಿ ವಾರಗಟ್ಟಲೆ ಇಟ್ಟ ಪ್ಲೇಟ್‌ನಿಂದ ಕಾಲನಿ ಎತ್ತುವುದು. ಮೊದಲ ಸಲ ಚೆನ್ನಾಗಿ ಬಂದದ್ದು ನಾಲ್ಕನೇ ಸಲ ಬರುವುದಿಲ್ಲ ಎಂಬ ದೂರಿನ ಬೇರು ಬಹಳ ಸಲ ಇಲ್ಲೇ ಇರುತ್ತದೆ. ಪ್ರೋಟೀನ್ ತಯಾರಿಸದ ಕೋಶ ಬೇಗ ಬೆಳೆಯುವುದರಿಂದ ಅಂಥದ್ದೇ ಮೇಲುಗೈ ಸಾಧಿಸುತ್ತದೆ. ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡಿ, ಚಟುವಟಿಕೆ ಪರೀಕ್ಷಿಸಿದ ಕಾಲನಿಯನ್ನೇ ಶೇ. 20 ಗ್ಲಿಸರಾಲ್‌ನಲ್ಲಿ ಸಣ್ಣ ಸಣ್ಣ ವೈಲ್‌ಗಳಾಗಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದು ಪ್ರಯೋಗಕ್ಕೆ ಒಂದು ವೈಲ್. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

## ಹಂತ 4: ಸಣ್ಣ ಫ್ಲಾಸ್ಕ್‌ನಲ್ಲಿ ಪತ್ತೆದಾರಿ

ಲೀಟರ್‌ಗಟ್ಟಲೆ ಬೆಳೆಸುವ ಅವಸರ ಬೇಡ. 250 ಮಿಲಿಲೀಟರ್ ಫ್ಲಾಸ್ಕ್‌ನಲ್ಲಿ 25ರಿಂದ 50 ಮಿಲಿಲೀಟರ್ ಮೀಡಿಯಾ ಸಾಕು. ಅದಕ್ಕಿಂತ ಹೆಚ್ಚು ತುಂಬಿದರೆ ಗಾಳಿ ಸಾಲುವುದಿಲ್ಲ.

1. ಸ್ಟಾರ್ಟರ್ ಕಲ್ಚರನ್ನು ನೂರಕ್ಕೆ ಒಂದರಂತೆ ಹಾಕಿ. ಸ್ಟಾರ್ಟರ್‌ಗೆ ಶೇ. 0.5 ಗ್ಲೂಕೋಸ್ ಸೇರಿಸಿದರೆ ಟಿ7 ಸೋರಿಕೆ ತಗ್ಗುತ್ತದೆ. ಮೀಡಿಯಾದ ಟ್ರಿಪ್ಟೋನ್‌ನಲ್ಲಿ ಅಲ್ಪಸ್ವಲ್ಪ ಲ್ಯಾಕ್ಟೋಸ್ ಇದ್ದು, ರಾತ್ರಿಯೆಲ್ಲ ಬೆಳೆದ ಕಲ್ಚರ್ ನೀವು ಹೇಳದೆಯೇ ಪ್ರೋಟೀನ್ ತಯಾರಿ ಚಾಲೂ ಆಗುವ ಇಂಡಕ್ಷನ್‌ಗೆ ಇಳಿಯುವುದುಂಟು.

2. 37 ಡಿಗ್ರಿ, 200 ಆರ್‌ಪಿಎಂನಲ್ಲಿ ಓಡಿ 600 0.6ರಿಂದ 0.8 ಮುಟ್ಟುವ ತನಕ ಬೆಳೆಸಿ. ಓಡಿ 0.4 ದಾಟಿದ ಮೇಲೆ ಮಾದರಿಯನ್ನು ತೆಳು ಮಾಡಿಯೇ ಅಳೆಯಿರಿ, ಯಂತ್ರದಲ್ಲಿ 1.5 ಎಂದು ಕಾಣುವುದು ನಿಜದಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ.

3. ಇಂಡಕ್ಷನ್‌ಗೆ ಮೊದಲು ಒಂದು ಮಿಲಿಲೀಟರ್ ತೆಗೆದಿಡಿ. ಈಗ ಕಲ್ಚರನ್ನು ಎರಡು ಪಾಲು ಮಾಡಿ. ಒಂದನ್ನು 37 ಡಿಗ್ರಿಯಲ್ಲಿ 4 ಗಂಟೆ, ಇನ್ನೊಂದನ್ನು 18 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಎರಡಕ್ಕೂ 0.2 ಮಿಲಿಮೋಲಾರ್ ಐಪಿಟಿಜಿ. ತಣ್ಣಗಿನ ಪಾಲಿಗೆ ಐಪಿಟಿಜಿ ಹಾಕುವ ಮೊದಲೇ ಕಲ್ಚರ್ ತಣ್ಣಗಾಗಿರಬೇಕು, ಇದು ಮುಖ್ಯ. 37 ಡಿಗ್ರಿಯಲ್ಲಿ ಹಾಕಿ ಶೇಕರನ್ನು 18ಕ್ಕೆ ತಿರುಗಿಸಿದರೆ ಅದು ಇಳಿಯುವಷ್ಟರಲ್ಲಿ ಗಡ್ಡೆಕಟ್ಟುವ ಕೆಲಸ ಶುರುವಾಗಿರುತ್ತದೆ.

4. ಖಾಲಿ ಪ್ಲಾಸ್ಮಿಡ್ ಕಲ್ಚರನ್ನೂ ಇದೇ ರೀತಿ ನಡೆಸಿ. ಬೇಸರವಾದರೂ ಬಿಡಬೇಡಿ.

5. ಕೋಶಗಳನ್ನು ಐಸ್‌ನಲ್ಲಿಟ್ಟು ಒಡೆಯಿರಿ. ಒಡೆದದ್ದರಿಂದ ಸ್ವಲ್ಪ ತೆಗೆದು "ಒಟ್ಟು" ಎಂದು ಗುರುತಿಸಿ. ಉಳಿದದ್ದನ್ನು 4 ಡಿಗ್ರಿಯಲ್ಲಿ 12,000 ಜಿ ಬಲದಲ್ಲಿ 20 ನಿಮಿಷ ತಿರುಗಿಸಿ. ಮೇಲಿನ ತಿಳಿ "ಕರಗಿದ್ದು", ಕೆಳಗಿನದು "ಪೆಲೆಟ್". ಪೆಲೆಟ್ಟನ್ನು ತಿಳಿಯಷ್ಟೇ ಗಾತ್ರದ ಬಫರ್‌ನಲ್ಲಿ ಕಲಸಬೇಕು, ಇಲ್ಲದಿದ್ದರೆ ಜೆಲ್‌ನಲ್ಲಿ ಎರಡನ್ನೂ ಹೋಲಿಸಲಾಗದು.

ಜೆಲ್‌ಗೆ ಹಾಕುವಾಗ ಪ್ರಮಾಣ ಓಡಿಯ ಲೆಕ್ಕದಲ್ಲಿರಲಿ. ಓಡಿ 1ರ ಒಂದು ಮಿಲಿಲೀಟರ್‌ನಷ್ಟು ಕೋಶಕ್ಕೆ 100 ಮೈಕ್ರೋಲೀಟರ್ ಸ್ಯಾಂಪಲ್ ಬಫರ್, ಅದರಲ್ಲಿ 10 ಮೈಕ್ರೋಲೀಟರ್ ಜೆಲ್‌ಗೆ. ಇಂಡಕ್ಷನ್‌ಗೆ ಮೊದಲಿನ ಮಾದರಿ, ನಂತರದ್ದು, ಕರಗಿದ್ದು, ಪೆಲೆಟ್ ನಾಲ್ಕೂ ಪಕ್ಕಪಕ್ಕದಲ್ಲಿರಲಿ. ಅದೇ ತಿಳಿಯಲ್ಲಿ ಅದೇ ದಿನ ಚಟುವಟಿಕೆ ಅಳೆಯಿರಿ.

ಪೆಲೆಟ್ಟಿನ ಬಣ್ಣವೂ ಮಾತಾಡುತ್ತದೆ. ಒಡೆಯದೆ ಉಳಿದ ಕೋಶ ಮತ್ತು ಪೊರೆಯ ಚೂರುಗಳ ಪೆಲೆಟ್ ಕಂದುಬಣ್ಣಕ್ಕೆ ತಿರುಗಿ ಮೆತ್ತಗೆ, ಪಿಪೆಟ್ ತಾಗಿದರೆ ಜಾರುವಂತಿರುತ್ತದೆ. ಇನ್‌ಕ್ಲೂಶನ್ ಬಾಡಿಗಳದ್ದು (ಗಡ್ಡೆಕಟ್ಟಿದ ಪ್ರೋಟೀನ್) ಸುಣ್ಣದ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಟ್ಯೂಬಿನ ತಳಕ್ಕೆ ಕಚ್ಚಿಕೊಂಡಿರುತ್ತದೆ. ಎಷ್ಟೋ ಸಲ ಟ್ಯೂಬಿನಲ್ಲಿ ನಡುವೆ ಬಿಳಿ ಬೊಟ್ಟು, ಸುತ್ತ ಕಂದು ಅಂಚು ಎರಡೂ ಕಾಣುತ್ತವೆ.

## ಹಂತ 5: ಕೆಟ್ಟ ಜಾಗಕ್ಕೆ ತಕ್ಕ ಮದ್ದು

ಬ್ಯಾಂಡೇ ಇಲ್ಲದಿದ್ದರೆ. ಪ್ಲಾಸ್ಮಿಡ್ಡನ್ನು ಸೀಕ್ವೆನ್ಸ್ ಮಾಡಿಸಿ. ಟ್ಯಾಗ್ ಮತ್ತು ಜೀನ್ ನಡುವೆ ಒಂದು ಬೇಸ್ ಹೆಚ್ಚಾಗಿ ಫ್ರೇಮ್ ತಪ್ಪಿರುವುದೇ ಬಹುತೇಕ ಸಲ ಕಾರಣ. ಅದು ಸರಿಯಿದ್ದರೆ ಎರಡನೇ ಹಂತಕ್ಕೆ ಹಿಂದಿರುಗಿ ಎಟಿಜಿಯ ಸುತ್ತಮುತ್ತ ನೋಡಿ. ಬ್ಯಾಂಡ್ ಕಾಣದಿದ್ದರೂ ಚಟುವಟಿಕೆ ಚೆನ್ನಾಗಿದ್ದರೆ ಗಾಬರಿ ಬೇಡ, ಕೆಲವು ಕಿಣ್ವ ಕಡಿಮೆ ಪ್ರಮಾಣದಲ್ಲೇ ಚುರುಕು.

ಎಲ್ಲವೂ ಪೆಲೆಟ್ಟಿನಲ್ಲಿದ್ದರೆ. ತಯಾರಿಕೆಯ ವೇಗ ಮಡಚಿಕೊಳ್ಳುವ ವೇಗವನ್ನು ಮೀರಿದೆ. ಇಲ್ಲಿ ಐಪಿಟಿಜಿ ಹೆಚ್ಚಿಸುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಮದ್ದಿನ ಕ್ರಮ ಹೀಗಿರಲಿ: ಮೊದಲು ತಾಪಮಾನ ಇಳಿಸಿ, ಆಮೇಲೆ ಐಪಿಟಿಜಿಯನ್ನು 0.05ರಿಂದ 0.1 ಮಿಲಿಮೋಲಾರ್‌ಗೆ ತನ್ನಿ. ಅದೂ ಸಾಲದಿದ್ದರೆ ಕರಗಿಸುವ ಟ್ಯಾಗ್. ಎಂಬಿಪಿ ಸುಮಾರು 42 ಕಿಲೋಡಾಲ್ಟನ್ ತೂಗುತ್ತದೆ, ಕರಗಿಸುವುದರಲ್ಲಿ ಗಟ್ಟಿಗ. ಸುಮೋ ಸುಮಾರು 11, ಕತ್ತರಿಸಿದ ಮೇಲೆ ನಿಮ್ಮ ಪ್ರೋಟೀನಿನ ತುದಿಯಲ್ಲಿ ಏನನ್ನೂ ಉಳಿಸುವುದಿಲ್ಲ. ಗ್ರೋಇಎಲ್-ಗ್ರೋಇಎಸ್ ಅಥವಾ ಡಿಎನ್‌ಎಕೆ ಷಾಪೆರೋನ್ (ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್) ಪ್ಲಾಸ್ಮಿಡ್ ಸೇರಿಸುವುದು ಇವೆಲ್ಲ ಆದ ಮೇಲೆ. ಯೂರಿಯಾದಲ್ಲಿ ಕರಗಿಸಿ ಮತ್ತೆ ಮಡಚಿಸುವ ಹಾದಿಯನ್ನು ಕಿಣ್ವಗಳ ಮಟ್ಟಿಗೆ ನಾನು ಕಟ್ಟಕಡೆಗೆ ಇಡುತ್ತೇನೆ. ಪ್ರತಿ ಕಿಣ್ವಕ್ಕೂ ಬಫರ್ ಹೊಸದಾಗಿ ಹುಡುಕಬೇಕು, ಪ್ರಮಾಣ ಹೆಚ್ಚಿಸಿದಾಗ ಬಫರ್‌ನ ಖರ್ಚೇ ಮೈಮೇಲೆ ಬರುತ್ತದೆ.

ಎಂಬಿಪಿ ಬಗ್ಗೆ ಒಂದು ಎಚ್ಚರ. ಟ್ಯಾಗ್ ಇರುವಾಗ ತಿಳಿಯಲ್ಲಿರುವ ಪ್ರೋಟೀನ್ ಸರಿಯಾಗಿಯೇ ಮಡಚಿದೆ ಎಂದರ್ಥವಲ್ಲ. ಟ್ಯಾಗ್ ಕತ್ತರಿಸಿದ ಕೂಡಲೇ ಟ್ಯೂಬ್ ಹಾಲಿನಂತಾದರೆ ಅದು ಟ್ಯಾಗಿನ ಬಲದಿಂದ ತೇಲುತ್ತಿತ್ತು, ಅಷ್ಟೆ. ಚಟುವಟಿಕೆಯನ್ನು ಕತ್ತರಿಸುವ ಮೊದಲೂ ಆಮೇಲೂ ನೋಡಿ.

ಕರಗಿದೆ, ಆದರೆ ಕೆಲಸ ಮಾಡುತ್ತಿಲ್ಲ. ಬಫರ್ ಮೇಲೆ ಮೊದಲ ಅನುಮಾನ ಇರಲಿ. ಕ್ಯಾಲ್ಸಿಯಂ ಬೇಕಾದ ಆಲ್ಫಾ-ಅಮೈಲೇಸನ್ನು, ಲೋಹವನ್ನು ಕಸಿದುಕೊಳ್ಳುವ ಇಡಿಟಿಎ ಇರುವ ಬಫರ್‌ನಲ್ಲಿ ಒಡೆದು ಚಟುವಟಿಕೆ ಹುಡುಕುವವರನ್ನು ಬೇಕಾದಷ್ಟು ನೋಡಬಹುದು. ಪ್ರೋಟಿಯೇಸ್ ತಡೆಯುವ ಸಿದ್ಧ ಮಾತ್ರೆಗಳಲ್ಲಿ ಎಷ್ಟೋ ಬಗೆಗಳಲ್ಲಿ ಇಡಿಟಿಎ ಅಡಗಿರುತ್ತದೆ. ಪಿಎಂಎಸ್‌ಎಫ್ ಇನ್ನೂ ಅಪಾಯಕಾರಿ. ಅದು ಸೆರೀನ್ ಪ್ರೋಟಿಯೇಸನ್ನು ಕೊಲ್ಲುವ ರೀತಿಯಲ್ಲೇ ನಿಮ್ಮ ಸಬ್ಟಿಲಿಸಿನನ್ನೂ, ಹಲವು ಎಸ್ಟರೇಸ್‌ಗಳನ್ನೂ ಕೊಲ್ಲುತ್ತದೆ. ಬಫರ್ ನಿರಪರಾಧಿ ಎಂದು ಗೊತ್ತಾದ ಮೇಲೆ ಸಹಕಿಣ್ವಕ್ಕೆ ಬನ್ನಿ. ಹೀಮ್ ಕಿಣ್ವಕ್ಕೆ ಇಂಡಕ್ಷನ್ ಹೊತ್ತಿಗೆ 0.5 ಮಿಲಿಮೋಲಾರ್ 5-ಅಮೈನೋಲೆವುಲಿನಿಕ್ ಆಮ್ಲ ಮತ್ತು ಸ್ವಲ್ಪ ಕಬ್ಬಿಣ ಕೊಡಿ. ಡೈಸಲ್ಫೈಡ್ ಇದ್ದರೆ ಷಫಲ್ ತಳಿ ಅಥವಾ ಪೆರಿಪ್ಲಾಸಂ.

ಇಂಡಕ್ಷನ್ ಆದ ಕೂಡಲೇ ಬೆಳವಣಿಗೆ ನಿಂತರೆ. ಸ್ವಲ್ಪ ನಿಧಾನವಾಗುವುದು ಸಹಜ. ಓಡಿ ಇಳಿಯಲು ಶುರುವಾದರೆ, ಅಥವಾ ಕಲ್ಚರ್ ಲೋಳೆಯಾಗಿ ನೊರೆಯೆದ್ದರೆ ಕೋಶಗಳು ಒಡೆಯುತ್ತಿವೆ. ಇಂಡಕ್ಷನ್ ಇಲ್ಲದೆಯೂ ಖಾಲಿ ಪ್ಲಾಸ್ಮಿಡ್ಡಿಗಿಂತ ನಿಧಾನವಾಗಿ ಬೆಳೆಯುತ್ತಿದ್ದರೆ ಅದು ಸೋರಿಕೆಯ ಗುರುತು. ಆಗ ಪಿಲೈಸ್‌ಎಸ್, ಗ್ಲೂಕೋಸ್, ಸಿ41 ಈ ಕ್ರಮದಲ್ಲಿ ನೋಡಿ.

## ಹಂತ 6: ಇಂಡಕ್ಷನ್ನನ್ನು ಹದಕ್ಕೆ ತರುವುದು

ಚಟುವಟಿಕೆಯಿರುವ ಕರಗಿದ ಕಿಣ್ವ ಸಿಕ್ಕ ಮೇಲೆಯೇ ಈ ಹಂತ. 18, 25, 30 ಡಿಗ್ರಿ, 0.05, 0.2, 0.5 ಮಿಲಿಮೋಲಾರ್ ಐಪಿಟಿಜಿ; ಒಟ್ಟು ಒಂಬತ್ತು ಫ್ಲಾಸ್ಕ್. ಎಲ್ಲದರಿಂದಲೂ 4, 8 ಮತ್ತು 20 ಗಂಟೆಗೆ ಮಾದರಿ ತೆಗೆದು ಲೀಟರಿಗೆ ಯುನಿಟ್ ಲೆಕ್ಕ ಹಾಕಿ. 1 ಮಿಲಿಮೋಲಾರ್ ಐಪಿಟಿಜಿ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದ ಅಂಕಿ. ಅದು ಬೇಕಾಗುವ ಸಂದರ್ಭ ಕಡಿಮೆ.

ಐಪಿಟಿಜಿಯ ಗೊಡವೆಯೇ ಬೇಡ ಎನ್ನುವವರಿಗೆ ಆಟೋಇಂಡಕ್ಷನ್ ಮೀಡಿಯಾ ಇದೆ. ಶೇ. 0.05 ಗ್ಲೂಕೋಸ್, ಶೇ. 0.2 ಲ್ಯಾಕ್ಟೋಸ್, ಶೇ. 0.5 ಗ್ಲಿಸರಾಲ್ ಇರುವ ಸೂತ್ರ ಚೆನ್ನಾಗಿ ನೆಲೆಯೂರಿದೆ. ಕೋಶ ಮೊದಲು ಗ್ಲೂಕೋಸ್ ಮುಗಿಸುತ್ತದೆ, ಆಮೇಲೆ ಲ್ಯಾಕ್ಟೋಸ್ ಒಳಗೆ ಬಂದು ತಾನಾಗಿ ಇಂಡಕ್ಷನ್ ಆಗುತ್ತದೆ. ಓಡಿ ಕಾಯುತ್ತ ಕೂರಬೇಕಿಲ್ಲ, ಹಲವು ಕ್ಲೋನ್‌ಗಳನ್ನು ಒಟ್ಟಿಗೆ ಹೋಲಿಸಲು ಇದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ಟ್ಯೂನರ್ ತಳಿಯಲ್ಲಿ ಇದು ನಡೆಯದು, ಲ್ಯಾಕ್ಟೋಸ್ ಒಳಗೆ ಹೋಗುವ ಬಾಗಿಲೇ ಅದರಲ್ಲಿಲ್ಲ.

## ಹಂತ 7: ಕೋಶ ಒಡೆಯುವಲ್ಲಿ ಕಳೆದುಕೊಳ್ಳಬೇಡಿ

ಸೋನಿಕೇಟರ್ 10 ಸೆಕೆಂಡ್ ನಡೆದರೆ 20-30 ಸೆಕೆಂಡ್ ನಿಲ್ಲಲಿ, ಟ್ಯೂಬ್ ಐಸ್ ನೀರಿನಲ್ಲಿರಲಿ. ನೊರೆ ಬಂದರೆ ತುದಿ ಮೇಲಕ್ಕೆ ಬಂದಿದೆ ಎಂದರ್ಥ. ನೊರೆಯಲ್ಲಿ ಸಿಕ್ಕ ಪ್ರೋಟೀನ್ ಕೆಡುತ್ತದೆ. ಮಬ್ಬಾಗಿದ್ದ ದ್ರಾವಣ ಸ್ವಲ್ಪ ಪಾರದರ್ಶಕವಾಗಿ, ಪಿಪೆಟ್ಟಿನಿಂದ ದಾರವಿಲ್ಲದೆ ಹನಿಯಾಗಿ ಬಿದ್ದರೆ ಸಾಕು. ದಾರ ಬರುತ್ತಿದ್ದರೆ ಡಿಎನ್‌ಎ ಇನ್ನೂ ಉದ್ದಕ್ಕಿದೆ. ಡಿಎನ್‌ಏಸ್ ಮತ್ತು ಸ್ವಲ್ಪ ಮೆಗ್ನೀಸಿಯಂ ಹಾಕಿ. ಬಳಸಿದ ಕಲ್ಚರ್, ಪೆಲೆಟ್, ಟ್ಯೂಬುಗಳೆಲ್ಲ 121 ಡಿಗ್ರಿಯ ಆಟೋಕ್ಲೇವ್ ಹೊಕ್ಕು ಬಂದ ಮೇಲೆಯೇ ಹೊರಗೆ ಹೋಗಬೇಕು. ತಿದ್ದಿದ ಜೀವಿಯನ್ನು ಸಿಂಕಿಗೆ ಸುರಿಯುವಂತಿಲ್ಲ.

## ಹಂತ 8: ಫ್ಲಾಸ್ಕ್‌ನಿಂದ ಫರ್ಮೆಂಟರ್‌ಗೆ

ಇಲ್ಲಿಯ ತನಕ ಒಂದು ಓಡಿಗೆ ಎಷ್ಟು ಎಂಬುದನ್ನು ಏರಿಸಿದಿರಿ. ಈಗ ಓಡಿಯನ್ನೇ ಏರಿಸುವ ಸರದಿ. ಅಡ್ಡ ಬರುವವು ಎರಡು: ಅಸಿಟೇಟ್ ಮತ್ತು ಆಮ್ಲಜನಕ. ಗ್ಲೂಕೋಸ್ ಒಮ್ಮೆಗೇ ಜಾಸ್ತಿ ಸಿಕ್ಕರೆ ಇ. ಕೋಲೈ ಅದನ್ನು ಪೂರ್ತಿ ಉರಿಸಲಾರದೆ ಅಸಿಟೇಟ್ ಆಗಿ ಹೊರಹಾಕುತ್ತದೆ. ಲೀಟರಿಗೆ ಕೆಲವೇ ಗ್ರಾಂ ಸೇರಿದರೂ ಬೆಳವಣಿಗೆಯೂ ಪ್ರೋಟೀನ್ ತಯಾರಿಯೂ ಕುಂಟುತ್ತವೆ. ಅದಕ್ಕೇ ಫೆಡ್-ಬ್ಯಾಚ್: ಗ್ಲೂಕೋಸನ್ನು ಹಸಿವು ತೀರದಷ್ಟೇ, ಹನಿಹನಿಯಾಗಿ ಕೊಡುವುದು. ಬೆಳವಣಿಗೆಯ ದರ ಗಂಟೆಗೆ 0.15ರ ಆಸುಪಾಸು ಇದ್ದರೆ ಅಸಿಟೇಟ್ ಹೆಚ್ಚಾಗಿ ಕಾಟ ಕೊಡದು.

ಫೀಡ್ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಿ. ಫರ್ಮೆಂಟರ್‌ನಲ್ಲಿ 1 ಲೀಟರ್, ಅದರಲ್ಲಿ 10 ಗ್ರಾಂ ಒಣತೂಕದ ಕೋಶ. ಗಂಟೆಗೆ 0.15ರಂತೆ ಬೆಳೆಯಬೇಕಾದರೆ ಗಂಟೆಗೆ 1.5 ಗ್ರಾಂ ಹೊಸ ಕೋಶ ಬೇಕು. ಒಂದು ಗ್ರಾಂ ಗ್ಲೂಕೋಸಿನಿಂದ ಸುಮಾರು ಅರ್ಧ ಗ್ರಾಂ ಕೋಶ ಎಂದಿಟ್ಟುಕೊಂಡರೆ ಗಂಟೆಗೆ 3 ಗ್ರಾಂ ಗ್ಲೂಕೋಸ್. ಫೀಡ್ ಬಾಟಲಿಯಲ್ಲಿ ಲೀಟರಿಗೆ 500 ಗ್ರಾಂ ಇದ್ದರೆ ಪಂಪ್ ಗಂಟೆಗೆ 6 ಮಿಲಿಲೀಟರ್ ಹಾಕಬೇಕು. ಕೋಶ ಹೆಚ್ಚಿದಂತೆ ಪಂಪಿನ ವೇಗವೂ ಏರಬೇಕು, ಸುಮಾರು 4.6 ಗಂಟೆಗೊಮ್ಮೆ ಇಮ್ಮಡಿಯಾಗಿ. ಒಂದೇ ವೇಗದಲ್ಲಿ ಬಿಟ್ಟರೆ ಕೋಶಗಳು ಬರಬರುತ್ತ ಹಸಿಯುತ್ತವೆ. ಅದರಿಂದ ನಷ್ಟ ಆಗಬಹುದು, ಆದರೆ ಅಸಿಟೇಟ್ ತುಂಬುವ ಅಪಾಯವಿಲ್ಲ. ಮೊದಲ ಸಲ ಮಾಡುವವರಿಗೆ ನಾನು ಈ ಸೋಮಾರಿ ಹಾದಿಯನ್ನೇ ಹೇಳುತ್ತೇನೆ.

ಫೀಡ್ ಯಾವಾಗ ಶುರುಮಾಡಬೇಕು ಎಂಬುದನ್ನು ಆಮ್ಲಜನಕದ ಪ್ರೋಬ್ ಹೇಳುತ್ತದೆ. ಮೊದಲಿಟ್ಟ ಗ್ಲೂಕೋಸ್ ಮುಗಿದ ಕ್ಷಣ ಕೋಶ ಉಸಿರಾಡುವುದು ತಗ್ಗಿ, ಕರಗಿದ ಆಮ್ಲಜನಕದ ಗೆರೆ ಸಟ್ಟನೆ ಮೇಲೇಳುತ್ತದೆ, ಪಿಎಚ್ ಕೂಡ ಸ್ವಲ್ಪ ಏರುತ್ತದೆ. ಆಗ ಪಂಪ್ ಹಾಕಿ. ಆಮೇಲೂ ಆಗಾಗ ಪಂಪನ್ನು ಒಂದು ನಿಮಿಷ ನಿಲ್ಲಿಸಿ ನೋಡಿ. ಗೆರೆ ಕೂಡಲೇ ಏರಿದರೆ ಗ್ಲೂಕೋಸ್ ಉಳಿದಿಲ್ಲ, ಎಲ್ಲ ಸರಿಯಿದೆ. ಏರದಿದ್ದರೆ ಗ್ಲೂಕೋಸ್ ಶೇಖರವಾಗುತ್ತಿದೆ, ಫೀಡ್ ತಗ್ಗಿಸಿ.

ಆಮ್ಲಜನಕ ಶೇ. 30ರ ಕೆಳಗೆ ಹೋಗದಂತೆ ಕಲಕುವ ವೇಗ ಮತ್ತು ಗಾಳಿ ಏರಿಸಿ. ನೊರೆ ತಡೆಯುವ ದ್ರವ ಬೇಕಾದಷ್ಟೇ ಇರಲಿ, ಹೆಚ್ಚಾದರೆ ಆಮ್ಲಜನಕ ಕರಗುವುದಕ್ಕೇ ಅದು ಅಡ್ಡಿ. ಪಿಎಚ್ 7ರಲ್ಲಿ ಹಿಡಿದಿಡಲು ಅಮೋನಿಯಾ ದ್ರಾವಣ ಬಳಸಿದರೆ ಸಾರಜನಕವೂ ಸಿಕ್ಕಂತಾಯಿತು. ಇಂಡಕ್ಷನ್‌ಗೆ ಅರ್ಧ ಗಂಟೆ ಮುಂಚೆ ತಾಪಮಾನ ಇಳಿಸಿ. ಫೀಡ್ ಕೂಡ ಅದಕ್ಕೆ ತಕ್ಕಂತೆ ಇಳಿಯಬೇಕು, ತಣ್ಣಗಿನ ಕೋಶ ಅಷ್ಟು ತಿನ್ನುವುದಿಲ್ಲ.

ಎಚ್ಚರಿಕೆಯ ಗುರುತು: ಓಡಿ ಏರುತ್ತಲೇ ಇದೆ, ಒಂದು ಓಡಿಗೆ ಸಿಗುವ ಯುನಿಟ್ ಮಾತ್ರ ಕುಸಿಯುತ್ತಿದೆ. ಇದು ಪ್ಲಾಸ್ಮಿಡ್ ಕಳೆದುಹೋಗುತ್ತಿರುವ ಲಕ್ಷಣ. ಕಲ್ಚರನ್ನು ತೆಳು ಮಾಡಿ ಆಂಟಿಬಯಾಟಿಕ್ ಇರುವ ಮತ್ತು ಇಲ್ಲದ ಪ್ಲೇಟ್‌ಗಳ ಮೇಲೆ ಹರಡಿ. ಎರಡರಲ್ಲೂ ಕಾಲನಿಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು. ಆಂಟಿಬಯಾಟಿಕ್ ಪ್ಲೇಟ್‌ನಲ್ಲಿ ಅರ್ಧವೇ ಇದ್ದರೆ ನೀವು ಗ್ಲೂಕೋಸ್ ಕೊಟ್ಟು ಸಾಕುತ್ತಿರುವುದರಲ್ಲಿ ಅರ್ಧ ಸೋಮಾರಿ ಕೋಶಗಳು.

## ಹಂತ 9: ಇ. ಕೋಲೈ ಬಿಟ್ಟು ಬ್ಯಾಸಿಲಸ್‌ಗೆ ಯಾವಾಗ

ಮೂಲದಲ್ಲಿ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾ ಹೊರಕ್ಕೆ ಸ್ರವಿಸುವ ಕಿಣ್ವ, ಲೀಟರ್‌ಗಟ್ಟಲೆ ಬೇಕು, ಎಂಡೋಟಾಕ್ಸಿನ್ (ಇ. ಕೋಲೈಯಂಥವುಗಳ ಹೊರಪೊರೆಯ ವಿಷ) ಇರಬಾರದು: ಈ ಮೂರರಲ್ಲಿ ಎರಡಾದರೂ ಹೊಂದಿದರೆ ಬ್ಯಾಸಿಲಸ್ ಸಬ್ಟಿಲಿಸ್ ಪ್ರಯತ್ನಿಸಿ. ಐದನೇ ಹಂತದ ಮದ್ದೆಲ್ಲ ಮುಗಿದರೂ ಪೆಲೆಟ್ ಬೆಳ್ಳಗೇ ಇದ್ದರೆ ಆಗಲೂ ಇದೇ ದಾರಿ.

ಇಲ್ಲಿ ಇಳುವರಿಯನ್ನು ನಿರ್ಧರಿಸುವುದು ಮುಖ್ಯವಾಗಿ ಸಿಗ್ನಲ್ ಪೆಪ್ಟೈಡ್. ಯಾವ ಕಿಣ್ವಕ್ಕೆ ಯಾವುದು ಒಗ್ಗುತ್ತದೆ ಎಂದು ಮೊದಲೇ ಹೇಳುವ ನಂಬಿಕಸ್ಥ ಸೂತ್ರ ಇಲ್ಲ. ಬೇರೆ ಬೇರೆ ಸಿಗ್ನಲ್‌ಗಳನ್ನು ಜೋಡಿಸಿ, ಮೈಕ್ರೋಪ್ಲೇಟ್‌ನಲ್ಲಿ ಬೆಳೆಸಿ, ಮೀಡಿಯಾದಲ್ಲಿನ ಚಟುವಟಿಕೆ ಅಳೆದು ಆರಿಸಬೇಕು. ಮೊದಲ ಹಂತದ ಗಟ್ಟಿ ಅಳತೆ ಇಲ್ಲದವರಿಗೆ ಇದು ಆಗದ ಕೆಲಸ. ಸಿಗ್ನಲ್ ಸರಿಹೋದ ಮೇಲೂ ಪೊರೆಯ ಹೊರಗೆ ಮಡಚಿಕೊಳ್ಳುವಲ್ಲಿ ತಡೆ ಇದ್ದರೆ ಪಿಆರ್‌ಎಸ್‌ಎ ಎಂಬ ಫೋಲ್ಡೇಸನ್ನು ಹೆಚ್ಚಿಸಿ ನೋಡಿ. ಅಮೈಲೇಸ್‌ಗಳಲ್ಲಿ ಇದು ಬಹಳ ಸಲ ಫಲ ಕೊಟ್ಟಿದೆ. ಪ್ಲಾಸ್ಮಿಡ್ ಅಲುಗಾಡುತ್ತಿದ್ದರೆ ಜೀನನ್ನು ಕ್ರೋಮೋಸೋಮ್‌ನ ಅಮೈಇ ಜಾಗದಲ್ಲಿ ಕೂರಿಸಿ.

ಬ್ಯಾಸಿಲಸ್ ಬಿಡುವ ಪ್ರೋಟಿಯೇಸ್‌ಗಳೇ ನಿಮ್ಮ ಕಿಣ್ವವನ್ನು ಕಡಿದುಹಾಕಬಲ್ಲವು. ಹೊರಕ್ಕೆ ಬಿಡುವ ಎಂಟು ಪ್ರೋಟಿಯೇಸ್‌ಗಳನ್ನು ತೆಗೆದ ಡಬ್ಲ್ಯೂಬಿ800 ತಳಿ ಇದಕ್ಕೆಂದೇ ಇದೆ. ಆದರೂ ಕಲ್ಚರ್ ಹಳತಾದಂತೆ ಕೋಶಗಳು ಒಡೆದು ಒಳಗಿನ ಪ್ರೋಟಿಯೇಸ್ ಹೊರಬರುತ್ತದೆ. ಬೆಳವಣಿಗೆ ನಿಂತ ಮೇಲೆ ಎರಡು ಗಂಟೆಗೊಮ್ಮೆ ತಿಳಿಯಲ್ಲಿ ಚಟುವಟಿಕೆ ಅಳೆಯಿರಿ. ಏರಿಕೆ ನಿಂತ ಗಂಟೆಯಲ್ಲೇ 4 ಡಿಗ್ರಿಗೆ ತಂದು ಕೋಶ ಬೇರ್ಪಡಿಸಿ. ಇನ್ನಷ್ಟು ಬರಬಹುದೆಂದು ಬೆಳಗಿನ ತನಕ ಬಿಟ್ಟರೆ ಇದ್ದದ್ದೂ ಹೋಗುತ್ತದೆ.